ಮೂರು ಗಜ, ಒಂದಿಷ್ಟು ಧೂಳು

ಮೊಮ್ಮಗ ಫುಟ್‌ಬಾಲ್ ಆಡುತ್ತಾನೆ ಎಂದು ಕಡೂರಿನಲ್ಲಿ ಹತ್ತು ಮನೆಗೆ ಹೇಳಿಯೇ ನಾವು ವಿಮಾನ ಹತ್ತಿದ್ದು. ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದಿಳಿದ ಮೇಲೆ ತಿಳಿಯಿತು, ಇಲ್ಲಿಯ ಫುಟ್‌ಬಾಲಿನಲ್ಲಿ ಕಾಲಿಗೆ ಚೆಂಡು ತಗಲುವುದೇ ಅಪರೂಪ. ಚೆಂಡೂ ಗುಂಡಗಿಲ್ಲ, ಎರಡೂ ತುದಿ ಚೂಪಾಗಿ, ಯಾರೋ ಅವಸರದಲ್ಲಿ ಮಾಡಿದ ಕಡುಬಿನ ಹಾಗಿದೆ. ಹೋಗಲಿ ಎಂದರೆ, ನಮ್ಮ ಹುಡುಗ ‘ಆಡುತ್ತಾನೆ’ ಎಂದದ್ದೂ ಪೂರ್ತಿ ನಿಜವಲ್ಲ. ಓಡುತ್ತಾನೆ, ಅಷ್ಟೆ.

ಸೆಪ್ಟೆಂಬರಿನ ಕೊನೆಯ ಒಂದು ಶುಕ್ರವಾರ ಸಂಜೆ, ಅವನ ಹೈಸ್ಕೂಲಿನ ಮೈದಾನದ ತಣ್ಣನೆಯ ಅಲ್ಯುಮಿನಿಯಂ ಬೆಂಚಿನ ಮೇಲೆ ಶಾಲು ಹೊದ್ದು ಕೂತು ನಾನೂ ನನ್ನ ಹೆಂಡತಿಯೂ ಕಂಡದ್ದು ಇಷ್ಟು: ಹತ್ತು ಹುಡುಗರು ನಡುವೆ ಒತ್ತಾಗಿ ಬಗ್ಗಿ ನಿಲ್ಲುತ್ತಾರೆ. ನಮ್ಮವನೊಬ್ಬ ಮಾತ್ರ ದೂರದ ಬಿಳಿ ಗೆರೆಯ ಪಕ್ಕದಲ್ಲಿ ಒಂಟಿ. ಚೆಂಡು ಅಲುಗಿದ್ದೇ ತಡ, ಇವನು ಬಿಟ್ಟ ಬಾಣದ ಹಾಗೆ ಮುಂದಕ್ಕೆ ಓಡಿ, ಥಟ್ಟನೆ ತಿರುಗಿ, ಎರಡೂ ಕೈ ಎದೆಯ ಮುಂದೆ ಒಡ್ಡಿ ನಿಲ್ಲುತ್ತಾನೆ. ಅಷ್ಟು ಹೊತ್ತಿಗೆ ಇಪ್ಪತ್ತು ಹುಡುಗರು ನಡುವೆ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ಚೆಂಡು ಅವರ ಅಡಿಯಲ್ಲೆಲ್ಲೋ ಇರುತ್ತದೆ. ಇವನು ಒಡ್ಡಿದ ಕೈ ಮಡಚಿಕೊಂಡು ಮೆಲ್ಲಗೆ ವಾಪಸು ಬರುತ್ತಾನೆ. ಮತ್ತೆ ಓಡುತ್ತಾನೆ. ಆ ಸಂಜೆ ನಲವತ್ತು ಸಲವಾದರೂ ಹೀಗಾಯಿತು.

“ರೀ, ನಮ್ಮ ಹುಡುಗನಿಗೆ ಯಾಕೆ ಯಾರೂ ಚೆಂಡು ಕೊಡಲ್ಲ?” ಎಂದಳು ನನ್ನವಳು. ಸ್ವಲ್ಪ ಹೊತ್ತು ಬಿಟ್ಟು, “ಪಂಕ್ತಿಯ ಕೊನೇಲಿ ಕೂರಿಸಿದ ಹಾಗಾಯ್ತು. ಬಡಿಸೋರು ಅಲ್ಲಿಗೆ ಬರೋ ಹೊತ್ತಿಗೆ ಪಾಯಸ ಖಾಲಿ.”

ಇದಕ್ಕೆ ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಯಜಮಾನರಿಂದ. ಎಂಬತ್ತು ದಾಟಿದ ವಿಧುರರು. ಹುಟ್ಟಿದ್ದು ಬೆಳೆದದ್ದು ಕೊಲಂಬಸ್‌ನಲ್ಲೇ. ನಮ್ಮ ಮಗಳ ಮನೆಯ ವರಾಂಡದಲ್ಲಿ ಕೂತು, ನನ್ನ ಹೆಂಡತಿ ಕೊಟ್ಟ ಕೋಡುಬಳೆ ನಿಪ್ಪಟ್ಟುಗಳನ್ನೇ ಮೇಜಿನ ಮೇಲೆ ಎದುರುಬದುರು ಜೋಡಿಸಿ ಅವರು ನನಗೆ ಆಟ ಕಲಿಸಿದರು. ಕೋಡುಬಳೆ ನಮ್ಮವರು, ನಿಪ್ಪಟ್ಟು ಎದುರಾಳಿಗಳು. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಅವಕಾಶ. ಮುಂದೆ ಹೋಗಲು ಎರಡೇ ದಾರಿ. ಒಂದು, ಚೆಂಡನ್ನು ಎದೆಗೊತ್ತಿಕೊಂಡು ನುಗ್ಗುವುದು. ಇನ್ನೊಂದು, ತಲೆಗಳ ಮೇಲಿಂದ ಎಸೆಯುವುದು. “ಈ ಶಾಲೆಯವರು ನುಗ್ಗುವ ಜನ” ಎಂದರು. “ಸಂಜೆಗೆ ಐದಾರು ಸಲ ಎಸೆದರೆ ಹೆಚ್ಚು. ಅದರಲ್ಲಿ ನಿಮ್ಮ ಹುಡುಗನ ಕಡೆಗೆ ಬರುವುದು…” ಎನ್ನುತ್ತಾ ಮುಂದಿನದನ್ನು ಹೇಳದೆ ಒಂದು ನಿಪ್ಪಟ್ಟನ್ನು ಬಾಯಿಗೆ ಹಾಕಿಕೊಂಡರು. ಪಾಠ ಮುಗಿಯುವ ಹೊತ್ತಿಗೆ ಎದುರಾಳಿಗಳ ಪೈಕಿ ನಾಲ್ಕೇ ಜನ ಉಳಿದಿದ್ದರು.

ನುಗ್ಗುವ ಪಂಥಕ್ಕೆ ಈ ಊರಿನಲ್ಲೊಬ್ಬ ಪೀಠಾಧಿಪತಿ ಇದ್ದರು: ವುಡಿ ಹೇಯ್ಸ್. 1951ರಿಂದ 1978ರವರೆಗೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಕೋಚು. ಅವರ ಹೆಸರಿನ ರಸ್ತೆಯೇ ಇದೆ ಇಲ್ಲಿ. ಕೊರೆಯುವ ಚಳಿಯಲ್ಲೂ ಅರ್ಧ ತೋಳಿನ ಅಂಗಿ, ತಲೆಗೊಂದು ಕಪ್ಪು ಟೋಪಿ. ಸಿಟ್ಟು ಬಂದರೆ ಆ ಟೋಪಿಯನ್ನೇ ಹರಿದು ಹಾಕುತ್ತಿದ್ದರಂತೆ. ಅವರ ಆಟಕ್ಕೆ ಜನ ಇಟ್ಟ ಹೆಸರು ‘ಮೂರು ಗಜ, ಒಂದಿಷ್ಟು ಧೂಳು’. ಚೆಂಡು ಕೊಡು, ನುಗ್ಗು, ಮೂರು ಗಜ ಗಳಿಸು, ಧೂಳು ಕೊಡವಿಕೊಂಡು ಏಳು, ಮತ್ತೆ ನುಗ್ಗು. ಇದೇ ಊರಿನ ಹುಡುಗ ಆರ್ಚಿ ಗ್ರಿಫಿನ್ ಹೀಗೆ ನುಗ್ಗಿ ನುಗ್ಗಿಯೇ 1974 ಮತ್ತು 75ರಲ್ಲಿ ಎರಡು ಸಲ, ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದದ್ದು. ಎರಡು ಸಲ ಗೆದ್ದವರು ಬೇರೆ ಯಾರೂ ಇಲ್ಲ.

ಚೆಂಡು ಎಸೆದರೆ ಆಗುವುದು ಮೂರೇ, ಅದರಲ್ಲಿ ಎರಡು ಕೆಟ್ಟದ್ದು, ಎಂಬ ಮಾತೊಂದಿದೆ. ನಮ್ಮವನು ಹಿಡಿಯಬಹುದು, ನೆಲಕ್ಕೆ ಬೀಳಬಹುದು, ಎದುರಾಳಿ ಹಿಡಿಯಬಹುದು. ಇದು ವುಡಿಯ ಮಾತೇ ಎಂದು ನೆರೆಯ ಯಜಮಾನರು ಆಣೆ ಮಾಡುತ್ತಾರೆ. ಟೆಕ್ಸಾಸಿನವರು ತಮ್ಮ ಕೋಚ್ ಡಾರೆಲ್ ರಾಯಲ್‌ರದ್ದು ಎನ್ನುತ್ತಾರೆ. ಯಾರದ್ದೇ ಆಗಲಿ, ನನಗಂತೂ ಆ ಮಾತು ಕಿವಿಗೆ ಬಿದ್ದ ಕೂಡಲೇ ಕಡೂರಿನ ನಮ್ಮ ಹಳೆ ಮನೆಯ ಜಗುಲಿ ಕಣ್ಣಿಗೆ ಕಟ್ಟಿತು. ಇದನ್ನೇ ನಮ್ಮಪ್ಪ ಇನ್ನೊಂದು ರೀತಿ ಬದುಕಿ ತೋರಿಸಿದ್ದರಲ್ಲ!

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕೈಯಲ್ಲಿ ಚೆಂಡಿದ್ದರೆ ಎಂದೂ ಎಸೆಯದ ಮನುಷ್ಯ. ತಿಂಗಳಿಗೆ ಹತ್ತು ರೂಪಾಯಿ ಅಂಚೆ ಕಚೇರಿಯ ಆರ್.ಡಿ.ಗೆ, ವರ್ಷಕ್ಕೆ ಎರಡು ಅಂಗಿ, ಎರಡೂ ಒಂದೇ ಬಣ್ಣ, ಮಳೆ ಬರಲಿ ಬಿಡಲಿ ಕಂಕುಳಲ್ಲಿ ಕೊಡೆ. ಮಾತೂ ಹಾಗೆಯೇ, ಒಂದು ಸಲಕ್ಕೆ ಮೂರು ಗಜ. ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಫಸ್ಟ್ ಕ್ಲಾಸು ಬಂದೆ ಎಂದು ಓಡಿ ಬಂದು ಹೇಳಿದಾಗ, “ಚಪ್ಪಲಿ ಹೊರಗೆ ಬಿಡು” ಎಂದರು. ಅಮ್ಮ ಒಳಗಿಂದ, “ಸಂತೋಷವಾಗಿದೆ ಅವರಿಗೆ” ಎಂದು ಅನುವಾದ ಮಾಡಿದಳು.

ಅಳಿಯಂದಿರಿಗೆ ಈ ನುಗ್ಗುವ ಪಂಥ ಸೇರುವುದಿಲ್ಲ. ಅವರು ಸಾಫ್ಟ್‌ವೇರಿನವರು, ಊಟದ ಮೇಜಿನ ಮೇಲೂ ಲೆಕ್ಕ ಬರಬೇಕು. “ಮಾವ, ವೃತ್ತಿಪರ ತಂಡಗಳಲ್ಲಿ ಒಂದು ಓಟಕ್ಕೆ ಸರಾಸರಿ ನಾಲ್ಕೂ ಚಿಲ್ಲರೆ ಗಜ, ಒಂದು ಎಸೆತಕ್ಕೆ ಏಳರ ಸುಮಾರು. ಮತ್ತೆ ಯಾಕೆ ನುಗ್ಗಬೇಕು?” ನೆರೆಯವರು ಎದುರಿಗಿದ್ದರೆ ಇದಕ್ಕೆ ಉತ್ತರವಾಗಿ ಬಫಲೋ ಊರಿನ ಹೆಸರು ಹೇಳುತ್ತಾರೆ. 2021ರ ಡಿಸೆಂಬರ್ 6ರ ರಾತ್ರಿ ಅಲ್ಲಿ ಎಂಥ ಗಾಳಿಯೆಂದರೆ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಇಡೀ ಪಂದ್ಯದಲ್ಲಿ ಚೆಂಡು ಎಸೆದದ್ದು ಮೂರೇ ಸಲ, ನುಗ್ಗಿದ್ದು ನಲವತ್ತಾರು ಸಲ, ಗೆದ್ದದ್ದು 14–10ರಿಂದ. ಅಷ್ಟಕ್ಕೂ ಬಗ್ಗದಿದ್ದರೆ ಆ ನೆರೆಯ ಅಜ್ಜ ಮೆಲ್ಲಗೆ, “ಸಿಯಾಟಲ್” ಎನ್ನುತ್ತಾರೆ. ಅಳಿಯಂದಿರ ಮುಖ ಸಣ್ಣಗಾಗುತ್ತದೆ. ಅವರು ಮೊದಲು ಕೆಲಸಕ್ಕಿದ್ದದ್ದು ಆ ಊರಿನಲ್ಲಿ. 2015ರ ಫೆಬ್ರವರಿ 1, ಸೂಪರ್ ಬೌಲ್ ಎಂಬ ವೃತ್ತಿಪರರ ಫೈನಲ್ ಪಂದ್ಯ. ಸಿಯಾಟಲ್‌ನ ಸೀಹಾಕ್ಸ್ ತಂಡಕ್ಕೆ ಗೆಲುವಿಗೆ ಉಳಿದದ್ದು ಒಂದೇ ಗಜ. ಹಿಂದೆ ನಿಂತಿದ್ದವನು ಮಾರ್ಶಾನ್ ಲಿಂಚ್, ಗೋಡೆಯನ್ನೂ ಒಡೆದು ನುಗ್ಗುವ ಆಸಾಮಿ. ಕೊಟ್ಟಿದ್ದರೆ ಮುಗಿಯುತ್ತಿತ್ತು. ಎಸೆದರು. ಮಾಲ್ಕಮ್ ಬಟ್ಲರ್ ಎಂಬ ಎದುರಾಳಿ ಎಲ್ಲಿಂದಲೋ ಬಂದು ಹಿಡಿದುಬಿಟ್ಟ. 28–24ರಿಂದ ಸೋತರು. ಆ ರಾತ್ರಿ ಅಳಿಯಂದಿರು ಊಟ ಮಾಡಲಿಲ್ಲವೆಂದು ಮಗಳು ನನಗೆ ಫೋನಿನಲ್ಲಿ ಹೇಳಿದ್ದು ನೆನಪಿದೆ. ಆಗ ನಾನು, ಷೇರಿನಲ್ಲಿ ಏನೋ ಕಳೆದುಕೊಂಡಿರಬೇಕು ಎಂದುಕೊಂಡಿದ್ದೆ.

ಎಸೆಯುವುದು ಹುಟ್ಟಿದ್ದೇ ಮುಗ್ಗರಿಸಿಕೊಂಡು. 1905ರ ಹೊತ್ತಿಗೆ ಈ ಆಟ ನುಗ್ಗಿ ನುಗ್ಗಿ ಹುಡುಗರ ಜೀವವನ್ನೇ ತೆಗೆಯುತ್ತಿತ್ತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ, ಹೀಗಾದರೆ ಆಗದು ಎಂದರು. ಮರುವರ್ಷ, ಚೆಂಡನ್ನು ಮುಂದಕ್ಕೆ ಎಸೆಯಬಹುದು ಎಂಬ ನಿಯಮ ಬಂತು. ಆ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ನಿಯಮಬದ್ಧವಾದ ಮೊದಲ ಎಸೆತ ಎಸೆದ. ನೆಲಕ್ಕೆ ಬಿತ್ತು. ಅಂದಿನ ನಿಯಮದ ಪ್ರಕಾರ, ನೆಲಕ್ಕೆ ಬಿದ್ದರೆ ಚೆಂಡು ಎದುರಾಳಿಗೆ! ಆದರೂ ಆತ ಅದೇ ಪಂದ್ಯದಲ್ಲಿ ಇನ್ನೊಮ್ಮೆ ಎಸೆದ. ಅದು ಕೊನೆಯ ಗೆರೆ ಮುಟ್ಟಿ ಟಚ್‌ಡೌನ್ ಆಯಿತು. ನನಗೆ ಆ ಟಚ್‌ಡೌನಿಗಿಂತ ದೊಡ್ಡದಾಗಿ ಕಾಣುವುದು ಎರಡು ಎಸೆತಗಳ ನಡುವೆ ಆತ ಕಳೆದ ಹೊತ್ತು. ಒಮ್ಮೆ ಕಳೆದುಕೊಂಡ ಕೈ ಮತ್ತೆ ಮೇಲೇಳಬೇಕಲ್ಲ.

ಒಂದು ರಾತ್ರಿ ಮೊಮ್ಮಗನನ್ನೇ ಕೇಳಿದೆ. “ಚೆಂಡು ಬರುವುದಿಲ್ಲ ಅಂತ ಗೊತ್ತಿದ್ದೂ ಅಷ್ಟು ಜೋರಾಗಿ ಯಾಕೆ ಓಡ್ತೀಯ ಮರಿ?” ಅವನು ಹಾಲಿನ ಲೋಟ ಕೆಳಗಿಟ್ಟು ತನ್ನ ಕನ್ನಡದಲ್ಲಿ ವಿವರಿಸಿದ. “ತಾತ, ಬಾಲ್ ಬರೋವಾಗ ಮಾತ್ರ ಜೋರಾಗಿ ಓಡಿದ್ರೆ ಅವರಿಗೆ ಗೊತ್ತಾಗಿಬಿಡತ್ತೆ. ಅದಕ್ಕೆ ಯಾವಾಗ್ಲೂ ಬರತ್ತೆ ಅಂತಾನೇ ಓಡ್ಬೇಕು.” ಅವನ ಕೋಚು ಹೇಳಿಕೊಟ್ಟದ್ದಂತೆ. ಇವನು ಸುಳ್ಳೇ ಓಡುವುದನ್ನು ನೋಡಿ ಎದುರಿನ ಒಬ್ಬನಾದರೂ ಹಿಂದೆ ಉಳಿದರೆ, ನಡುವೆ ನುಗ್ಗುವವನಿಗೆ ಒಂದು ತಲೆ ಕಡಿಮೆ. ಮತ್ತೆ ದಿನವೆಲ್ಲ ನುಗ್ಗುವುದನ್ನೇ ನೋಡಿ ನೋಡಿ ಎದುರಾಳಿಗಳು ನಡುವಿಗೇ ಬಂದು ಕವಿದಾಗ, ಕ್ವಾರ್ಟರ್‌ಬ್ಯಾಕ್ ಎಂಬ ಹುಡುಗ ಓಡುವವನ ಹೊಟ್ಟೆಗೆ ಚೆಂಡು ಕೊಟ್ಟ ಹಾಗೆ ಮಾಡಿ, ಕೊಡದೆ, ಬಚ್ಚಿಟ್ಟುಕೊಂಡು, ಮೇಲಿಂದ ಎಸೆದುಬಿಡುತ್ತಾನೆ. ಇದಕ್ಕೆ ಪ್ಲೇ ಆ್ಯಕ್ಷನ್ ಎಂದು ಹೆಸರು. ಈ ಸೋಗು ಫಲಿಸಲು ಮೊದಲು ಬಹಳ ಸಲ ನುಗ್ಗಿರಲೇಬೇಕೆಂದಿಲ್ಲ, ಲೆಕ್ಕ ಹಾಗೆ ಹೇಳುವುದಿಲ್ಲ ಎಂದು ಅಳಿಯಂದಿರು ನಡುವೆ ಬಾಯಿ ಹಾಕಿದರು. ಇರಬಹುದು. ಲೆಕ್ಕದವರು ನಮ್ಮಪ್ಪನನ್ನು ನೋಡಿಲ್ಲ.

ಅಪ್ಪ ಪ್ರತಿ ಭಾನುವಾರ ಬೆಳಿಗ್ಗೆ ರಾಗಿ ಡಬ್ಬ ಹೆಗಲಿಗೇರಿಸಿಕೊಂಡು ಗಿರಣಿಗೆ ಹೊರಡುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಒಂದು ವಾರವೂ ತಪ್ಪಿದ್ದಿಲ್ಲ. ಡಬ್ಬದ ಜೊತೆ ಹೋಗುತ್ತಿರುವವರನ್ನು ನೋಡಿ ಎದುರುಮನೆಯವರು ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು. ಒಂದು ಭಾನುವಾರ ಹಾಗೆ ಹೋದವರು ಮಧ್ಯಾಹ್ನದ ಹೊತ್ತಿಗೆ ಬಂದರು. ಡಬ್ಬ ಅಡುಗೆಮನೆಯಲ್ಲಿಟ್ಟು ಕಾಲು ತೊಳೆಯಲು ಹಿತ್ತಿಲಿಗೆ ಹೋದರು. ಮುದ್ದೆಗೆ ಎಸರಿಟ್ಟಿದ್ದ ಅಮ್ಮ ಹಿಟ್ಟು ತೆಗೆಯಲು ಮುಚ್ಚಳ ತೆಗೆದಳು. ರಾಗಿ ಹಾಗೆಯೇ ಇತ್ತು. ರಾಗಿಯ ಮೇಲೆ ಟವಲಿನಲ್ಲಿ ಸುತ್ತಿ, ಕೂಸು ಮಲಗಿಸಿದ ಹಾಗೆ, ಒಂದು ಟ್ರಾನ್ಸಿಸ್ಟರ್ ರೇಡಿಯೊ. ಅಮ್ಮ ಕೂಗಿಕೊಂಡಳೋ ನಕ್ಕಳೋ ಈಗ ನೆನಪಿಲ್ಲ. ಹಿತ್ತಿಲಿನಲ್ಲಿ ಅಪ್ಪ ಬೇಕಾದದ್ದಕ್ಕಿಂತ ಬಹಳ ಹೊತ್ತು ಕಾಲು ತೊಳೆಯುತ್ತಿದ್ದದ್ದು ನೆನಪಿದೆ. ಆ ದಿನ ನಮ್ಮ ಮನೆಯಲ್ಲಿ ಮುದ್ದೆ ಇಲ್ಲ. ಅನ್ನ ತಿಂದು ಚಿತ್ರಗೀತೆ ಕೇಳಿದೆವು. ರಾಗಿ ಡಬ್ಬ ಹೊತ್ತ ಮನುಷ್ಯನ ಮೇಲೆ ಯಾರಿಗೆ ತಾನೆ ಅನುಮಾನ ಬಂದೀತು?

ಅಮ್ಮನಿಗೆ ಒಂದು ಆಸೆಯಿತ್ತು, ಸಮುದ್ರ ನೋಡುವುದು. ಕಡೂರಿನವರಿಗೆ ಅದೇನು ಮಹಾ ದೂರವಲ್ಲ. ಘಟ್ಟ ಇಳಿದರೆ ಆಯಿತು. ಅಪ್ಪ ಪ್ರತಿ ವರ್ಷವೂ “ಮುಂದಿನ ಬೇಸಿಗೆಗೆ” ಎನ್ನುತ್ತಿದ್ದರು. ಅಮ್ಮ ಪ್ರತಿ ಏಪ್ರಿಲ್ಲಿನಲ್ಲೂ ಒಂದು ಡಬ್ಬ ಅವಲಕ್ಕಿ ಹುರಿದು, ಕೊಬ್ಬರಿ ಕಡಲೆ ಹಾಕಿ, ಬಾಯಿ ಬಿಗಿದು ಅಟ್ಟದ ಮೇಲಿಡುತ್ತಿದ್ದಳು. ಪ್ರಯಾಣಕ್ಕೆ ಕಟ್ಟುವ ತಿಂಡಿ ಅದು. ಪ್ರಯಾಣ ಬರುತ್ತಿರಲಿಲ್ಲ. ಜೂನಿನಲ್ಲಿ ಡಬ್ಬ ಕೆಳಗಿಳಿಸಿ ಶಾಲೆಗೆ ಹೋಗುವ ನಮಗೆ ಜೇಬಿಗಿಷ್ಟಿಷ್ಟು ತುಂಬುತ್ತಿದ್ದಳು. ನಾವು ಅದನ್ನು ಮಳೆಗಾಲದ ತಿಂಡಿ ಎಂದೇ ತಿಳಿದಿದ್ದೆವು.

ನೆರೆಯ ಯಜಮಾನರು ವುಡಿಯ ಕತೆಯ ಕೊನೆಯನ್ನು ಬಹಳ ದಿನ ಹೇಳಿರಲಿಲ್ಲ. ಅಕ್ಟೋಬರಿನ ಒಂದು ಸಂಜೆ, ಮೇಪಲ್ ಎಲೆ ಗುಡಿಸುತ್ತಾ ಹೇಳಿದರು. ಅರವತ್ತೈದು ತುಂಬಿದ್ದ ಆ ಕೊನೆಯ ವರ್ಷ ವುಡಿ, ಬದುಕಿಡೀ ನಂಬದಿದ್ದ ವಿದ್ಯೆಯನ್ನು ಸ್ವಲ್ಪ ನಂಬಲು ಹೊರಟಿದ್ದರಂತೆ. ಚೆನ್ನಾಗಿ ಎಸೆಯಬಲ್ಲ ಆರ್ಟ್ ಶ್ಲಿಕ್ಟರ್ ಎಂಬ ಮೊದಲ ವರ್ಷದ ಹುಡುಗನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು. 1978ರ ಡಿಸೆಂಬರ್ 29, ಗೇಟರ್ ಬೌಲ್ ಎಂಬ ಪಂದ್ಯ. ಎದುರಿಗೆ ಕ್ಲೆಮ್ಸನ್. 17–15ರ ಹಿನ್ನಡೆ, ಕೊನೆಯ ನಿಮಿಷಗಳು. ಹುಡುಗ ಎಸೆದ. ಚಾರ್ಲಿ ಬೌಮನ್ ಎಂಬ ಎದುರಾಳಿ ಹಿಡಿದು ಓಡುತ್ತಾ ಸೀದಾ ವುಡಿಯ ಮುಂದೆಯೇ ಗೆರೆ ದಾಟಿದ. ವುಡಿ ಅವನಿಗೆ ಹೊಡೆದುಬಿಟ್ಟರು. ಟೆಲಿವಿಷನ್ ನೋಡುತ್ತಿದ್ದ ದೇಶಕ್ಕೆ ದೇಶವೇ ಕಂಡಿತು. ಮರುದಿನ ಕೆಲಸ ಹೋಯಿತು. “ಇಪ್ಪತ್ತೆಂಟು ವರ್ಷ” ಎಂದರು ಅಜ್ಜ. “ಒಂದು ಎಸೆತ.” ಆಮೇಲೆ, “ಹೊಡೆದದ್ದು ತಪ್ಪು. ತಪ್ಪೇ” ಎಂದು ತಾವೇ ಸೇರಿಸಿ, ಗುಡಿಸಿದ ಜಾಗವನ್ನೇ ಇನ್ನೊಮ್ಮೆ ಗುಡಿಸಿದರು.

ಅಪ್ಪನೂ ಇನ್ನೊಂದು ಸಲ ಎಸೆದಿದ್ದರು. ಊರಿಗೆ ಹೊಸದಾಗಿ ಒಂದು ಚೀಟಿ ಕಂಪನಿ ಬಂದಿತ್ತು. ಎರಡು ವರ್ಷದಲ್ಲಿ ದುಡ್ಡು ಒಂದೂವರೆ ಪಾಲು ಎಂಬ ಮಾತು. ಅಪ್ಪ ಯಾರಿಗೂ ಹೇಳದೆ ಆರ್.ಡಿ. ಮುರಿಸಿ ಅಲ್ಲಿ ಕಟ್ಟಿದರು. ಒಂದು ಸೋಮವಾರ ನೋಡಿದರೆ ಬಾಗಿಲಿಗೆ ಬೀಗ. ಬೀಗದ ಮುಂದೆ ನಿಂತ ಗುಂಪಿನಲ್ಲಿ, ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿಕೊಂಡು ಅಪ್ಪ ನಿಂತಿದ್ದನ್ನು ಶಾಲೆಯಿಂದ ಬರುವಾಗ ನಾನು ಕಂಡೆ. ಮನೆಯಲ್ಲಿ ಹೇಳಬೇಡ ಎಂದೂ ಹೇಳಲಿಲ್ಲ ಅವರು. ನಾನು ಹೇಳಲಿಲ್ಲ. ಆಮೇಲೆ “ಮುಂದಿನ ಬೇಸಿಗೆಗೆ” ಎನ್ನುವುದನ್ನೂ ನಿಲ್ಲಿಸಿದರು. ಅವಲಕ್ಕಿ ಹುರಿಯುವುದು ಮಾತ್ರ ನಿಲ್ಲಲಿಲ್ಲ.

ನನಗೆ ಕೆಲಸ ಸಿಕ್ಕಿದ ಮೇಲೆ ನಾನೇ ಅಮ್ಮನನ್ನು ಮಲ್ಪೆಗೆ ಕರೆದುಕೊಂಡು ಹೋದೆ. ಅಪ್ಪ ಬರಲಿಲ್ಲ. ಹಸು ನೋಡಿಕೊಳ್ಳುವವರು ಯಾರು ಎಂದರು. ಅಮ್ಮ ಮೊಣಕಾಲಿನವರೆಗೆ ಸೀರೆ ಎತ್ತಿ ಹಿಡಿದು ಬಹಳ ಹೊತ್ತು ನಿಂತಳು, ನಂತರ “ಎಷ್ಟು ಸದ್ದಪ್ಪ ಇದು!” ಎಂದಳು. ಮರಳಿನ ಮೇಲೆ ಕೂತು ಡಬ್ಬ ಬಿಚ್ಚಿ ಅವಲಕ್ಕಿ ತಿಂದೆವು. ಹೊರಡುವಾಗ ಒಂದು ಔಷಧದ ಬಾಟಲಿಗೆ ಸಮುದ್ರದ ನೀರು ತುಂಬಿಕೊಂಡಳು. ಮನೆಗೆ ಬಂದು ಅಪ್ಪನ ಮುಂದಿಟ್ಟಳು. ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, “ಹೌದು, ಉಪ್ಪು” ಎಂದರು. ಅಷ್ಟೆ. ಅವರು ಹೋದ ಮೇಲೆ ಪೆಟ್ಟಿಗೆ ತೆಗೆದಾಗ ಹಳೆಯ ಡೈರಿಯೊಂದರಲ್ಲಿ ಅವರ ಮುತ್ತಿನಂಥ ಅಕ್ಷರ ಸಿಕ್ಕಿತು: ಉಡುಪಿ, ಬಸ್ಸು ನಾಲ್ಕು ಟಿಕೆಟು, ಛತ್ರ ಎರಡು ದಿನ, ಎಳನೀರು. ಎದುರಿಗೆ ರೂಪಾಯಿ ಪೈಸೆ. ಕೆಳಗೆ ಗೆರೆ ಎಳೆದು ಮೊತ್ತ. ಚೀಟಿ ಕಂಪನಿಗೆ ಬೀಗ ಬಿದ್ದ ವರ್ಷದ ಡೈರಿ ಅದು.

ಮೊಮ್ಮಗನ ಕೋಣೆಯ ಗೋಡೆಯ ಮೇಲೆ ಡೆಮೇರಿಯಸ್ ಥಾಮಸ್ ಎಂಬ ಆಟಗಾರನ ದೊಡ್ಡ ಚಿತ್ರವಿದೆ. ಆತ ಓದಿದ್ದು ಜಾರ್ಜಿಯಾ ಟೆಕ್‌ನಲ್ಲಿ. ಅಲ್ಲಿ ಪಾಲ್ ಜಾನ್ಸನ್ ಎಂಬ ಕೋಚು ಬಂದಮೇಲೆ ಎಸೆತವೆಂಬುದು ಹಬ್ಬದಡುಗೆ. ಥಾಮಸ್ ಓಡುತ್ತಲೇ ಇದ್ದ, ಅಡ್ಡ ಬಂದವರನ್ನು ತಡೆಯುತ್ತಲೇ ಇದ್ದ. 2009ರಲ್ಲಿ ಆತ ಹಿಡಿದದ್ದು 46 ಎಸೆತ. ಹಿಡಿದಾಗಲೆಲ್ಲ ಸರಾಸರಿ 25 ಗಜ! ಮುಂದೆ ಡೆನ್ವರ್ ತಂಡ ಸೇರಿ, 2012ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಹೆಚ್ಚುವರಿ ಆಟದ ಮೊದಲ ಎಸೆತವನ್ನೇ ಹಿಡಿದು ಓಡಿ, ಒಟ್ಟು 80 ಗಜ ಗಳಿಸಿ ಪಂದ್ಯ ಮುಗಿಸಿದ. ನುಗ್ಗುವುದನ್ನು ತಡೆಯಲೆಂದು ಎದುರಾಳಿಗಳೆಲ್ಲ ಮುಂದೆ ಬಂದು ಕವಿದಿದ್ದರು, ಹಿಂದೆ ಬಯಲು. ಆ ವಿಡಿಯೊವನ್ನು ಹುಡುಗ ನನಗೆ ಎಷ್ಟು ಸಲ ತೋರಿಸಿದ್ದಾನೋ ಲೆಕ್ಕವಿಲ್ಲ. “ಈಗ ಎಲ್ಲಿದ್ದಾನೆ?” ಎಂದು ಕೇಳಿದೆ. “ಇಲ್ಲ ತಾತ. ಹೋಗ್ಬಿಟ್ಟ. ಥರ್ಟಿ ತ್ರೀ” ಎಂದ. 2021ರ ಡಿಸೆಂಬರಿನಲ್ಲಂತೆ. ನಾವಿಬ್ಬರೂ ಇನ್ನೊಮ್ಮೆ ಆ 80 ಗಜ ನೋಡಿದೆವು.

ಅವನ ಶಾಲೆಯ ಕೊನೆಯ ಪಂದ್ಯದ ದಿನ ಚಳಿ ಹಲ್ಲು ಕಡಿಸುತ್ತಿತ್ತು. ನೆರೆಯ ಅಜ್ಜನೂ ನಮ್ಮೊಡನೆ ಬಂದಿದ್ದರು. ನನ್ನ ಹೆಂಡತಿಗೆ ಒಂದು ಅಭ್ಯಾಸ ಹತ್ತಿದೆ; ಚೆಂಡು ಗಾಳಿಗೇರಿತೆಂದರೆ ಗಟ್ಟಿಯಾಗಿ ಕಣ್ಣು ಮುಚ್ಚಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹನುಮಂತನನ್ನು ಕರೆಯುತ್ತಾಳೆ. ಮುಗಿಯಲು ಆರು ನಿಮಿಷವಿತ್ತು. ಕ್ವಾರ್ಟರ್‌ಬ್ಯಾಕ್ ಓಡುವವನ ಹೊಟ್ಟೆಗೆ ಚೆಂಡು ಕೊಟ್ಟ. ಎದುರಾಳಿಗಳು ಎಂದಿನಂತೆ ಅವನ ಮೇಲೆ ಬಿದ್ದರು. ಅವನ ಹತ್ತಿರ ಚೆಂಡಿರಲಿಲ್ಲ. ದೀಪದ ಕಂಬಗಳ ಬೆಳಕಿನಲ್ಲಿ ಅದು ಮೇಲೆ, ಮೇಲೆ ಹೋಗುತ್ತಿತ್ತು. ಬಿಳಿ ಗೆರೆಯ ಪಕ್ಕ, ಯಾವತ್ತಿನ ಹಾಗೆ, ನಮ್ಮವನು ಓಡುತ್ತಿದ್ದ. ಸುತ್ತ ಒಬ್ಬರಿಲ್ಲ. ಕೈ ಒಡ್ಡಿದ. ಚೆಂಡು ಬಂದು, ಗೂಡಿಗೆ ಹಕ್ಕಿ ಬಂದ ಹಾಗೆ, ಕೂತಿತು.

ಆಮೇಲೆ, ತಪ್ಪಾದರೆ ಅಂಪೈರ್ ಎಸೆಯುವ ಹಳದಿ ಬಟ್ಟೆಯೊಂದು ಕಂಡಿತು. ಬಹಳ ಹಿಂದೆ, ಚೆಂಡು ಹೊರಟ ಜಾಗದಲ್ಲಿ, ಹುಲ್ಲಿನ ಮೇಲೆ. ನಮ್ಮ ಕಡೆಯ ಒಬ್ಬ ಹುಡುಗ ಎದುರಾಳಿಯ ಅಂಗಿ ಹಿಡಿದು ಜಗ್ಗಿದ್ದನಂತೆ. ಎಸೆತ ಲೆಕ್ಕಕ್ಕಿಲ್ಲ. ಓಡಿದ್ದು, ಹಿಡಿದದ್ದು, ಗಜ ಯಾವುದೂ ಲೆಕ್ಕಕ್ಕಿಲ್ಲ. ಚೆಂಡನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಒಯ್ದರು. ಹುಡುಗ ಅಂಪೈರನ ಕೈಗೆ ಚೆಂಡು ಕೊಟ್ಟು ಮೆಲ್ಲಗೆ ವಾಪಸು ಬಂದು ಗೆರೆಯ ಪಕ್ಕ ನಿಂತ. ಮುಂದಿನ ಸಲ ನಡುವೆ ನುಗ್ಗಿದರು. ಇವನು ಓಡಿದ.

“ನಾಲ್ಕು” ಎಂದರು ಅಜ್ಜ, ನನ್ನ ಕಡೆ ತಿರುಗದೆ. “ಎಸೆದರೆ ಆಗುವುದು ಮೂರಲ್ಲ. ನಾಲ್ಕು. ವುಡಿ ಒಂದು ಮರೆತಿದ್ದರು.”

ಮನೆಗೆ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಹುಡುಗ ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಮೊಣಕಾಲು ಮಡಚಿ ಕೂತಿದ್ದ. ನನ್ನವಳು ಕೈಚೀಲದಿಂದ ಡಬ್ಬ ತೆಗೆದು ಅವನ ಅಂಗೈಗೆ ಹುರಿದ ಅವಲಕ್ಕಿ ಸುರಿದಳು. ಎರಡು ಮುಷ್ಟಿ ತಿಂದ ಮೇಲೆ ಅವನು ಕೇಳಿದ, “ಅಜ್ಜಿ, ನೋಡಿದ್ರಾ?”

“ನೋಡದೆ ಇರ್ತೀನಾ ಕಂದ” ಎಂದಳು. “ಎಷ್ಟು ಚೆನ್ನಾಗಿ ಹಿಡಿದೆ, ಎರಡೂ ಕೈಲಿ!”

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವಳು ಕಣ್ಣು ಬಿಟ್ಟದ್ದು ಹಳದಿ ಬಟ್ಟೆ ಬಿದ್ದ ಮೇಲೆ.